ಕೋಚ್ ಚಾಚಿದ ಕನ್ನಡಕ

"ಅಮ್ಮಾ, ಆ ಸರ್ ಬಾಯೇ ಬಿಡ್ಲಿಲ್ಲ. ದೊಡ್ಡಮ್ಮ ಯಾಕೆ ಅವರಿಗೆ ಸೀಟಿ ಊದಿದ್ಲು?"

ತಾಯಿಯ ಜೊತೆ ಪಂದ್ಯ ನೋಡಿ ಬಂದ ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಮಗುವಿನ ದೊಡ್ಡಮ್ಮ, ಅಂದರೆ ತಾಯಿಯ ಸ್ವಂತ ಅಕ್ಕ, ವಾರವಿಡೀ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಭಾನುವಾರ ಬಾಸ್ಕೆಟ್‌ಬಾಲ್ ರೆಫರಿ. ಹನ್ನೊಂದು ವರ್ಷದಿಂದ ಹೀಗೇ. "ಸೂಜಿ ಚುಚ್ಚಿದ್ರೂ ಬೈತಾರೆ, ಸೀಟಿ ಊದಿದ್ರೂ ಬೈತಾರೆ, ನಂಗೆ ರಜಾನೇ ಇಲ್ಲ," ಎಂದು ನಗುವವಳು. ಬೈಗುಳಕ್ಕೆಲ್ಲ ಜಗ್ಗುವ ಜೀವವಲ್ಲ.

ಇವತ್ತಿನ ಫೈನಲ್‌ನಲ್ಲಿ ಬೈಗುಳವೇ ಇರಲಿಲ್ಲ. ಎರಡೂ ತಂಡ ಸಮಸಮ, ಉಳಿದದ್ದು ನಲವತ್ತು ಸೆಕೆಂಡು. ಒಬ್ಬ ಆಟಗಾರ ಚೆಂಡು ಪುಟಿಸದೆ ಹೆಜ್ಜೆ ಹಾಕಿದ್ದಕ್ಕೆ ಅಕ್ಕ ಟ್ರಾವೆಲಿಂಗ್ ಎಂದು ಚೆಂಡನ್ನು ಎದುರಾಳಿಗೆ ಕೊಟ್ಟಳು. ಚೆಂಡು ಕಳೆದುಕೊಂಡ ತಂಡದ ಕೋಚ್ ಕನ್ನಡಕ ತೆಗೆದ, ಅಂಗಿಯ ತುದಿಯಲ್ಲಿ ಒರೆಸಿದ, ಗ್ಯಾಲರಿಯತ್ತ ತಿರುಗಿ, 'ತಗೊಳ್ಳಿ ಮೇಡಂ' ಎಂಬಂತೆ ಅದನ್ನು ಅಕ್ಕನ ಕಡೆ ಚಾಚಿದ. ಜನ ಗೊಳ್ಳೆಂದರು. ಅಕ್ಕ ಸೀಟಿ ಊದಿ, ಅನುಚಿತ ವರ್ತನೆಗೆ ಕೊಡುವ ಟೆಕ್ನಿಕಲ್ ಫೌಲ್ ಕೊಟ್ಟಳು. ಅದಕ್ಕೆ ಎದುರಾಳಿಗೆ ಸಿಕ್ಕಿದ್ದು ಒಂದೇ ಫ್ರೀ ಥ್ರೋ, ಒಂದೇ ಅಂಕ. ಕೋಚ್‌ನ ತಂಡ ಆ ಒಂದು ಅಂಕದಲ್ಲೇ ಸೋತಿತು.

ಸಂಜೆಯೊಳಗೆ ಪಂದ್ಯಾವಳಿ ಸಮಿತಿಗೆ ಅವನ ದೂರೂ ಹೋಯಿತು: ಒಂದು ಮಾತೂ ಆಡಿಲ್ಲ, ಬೆವರಿಗೆ ಮಂಜಾದ ಕನ್ನಡಕ ಒರೆಸಿಕೊಂಡೆ, ಅಷ್ಟೆ. ಜೊತೆ ರೆಫರಿ ಆಚೆ ತುದಿಯಲ್ಲಿದ್ದ, ನೋಡಿಲ್ಲ. ನಾಳೆ ಬೆಳಗ್ಗೆ ಸಮಿತಿಯ ವಿಚಾರಣೆಯಲ್ಲಿ ಕೋಚ್‌ನ ಮಾತು ನಿಂತರೆ ಅಕ್ಕನ ರೆಫರಿ ಲೈಸೆನ್ಸ್ ಹೋದಂತೆಯೇ.

ಅಕ್ಕ ತಂಗಿಯ ಅಡುಗೆಮನೆಯಲ್ಲೇ ವರದಿ ಬರೆಯಲು ಕೂತಳು. "ಬೈದಿದ್ರೆ ಎರಡು ಸಾಲಲ್ಲಿ ಮುಗಿಸ್ತಿದ್ದೆ. ಕೈಯಲ್ಲಿ ಆಡಿದ್ದನ್ನ ಹೇಗೆ ಬರೀಲಿ?"

"ಅವಮಾನ ಮಾಡ್ದ ಅಂತ ಬರಿ."

"ಅದು ನನಗನ್ಸಿದ್ದು ಕಣೇ. ಅವರು ಕೇಳೋದು ಕೈ ಎಲ್ಲಿತ್ತು, ಮುಖ ಎತ್ತ ಇತ್ತು ಅಂತ."

ತಂಗಿ ಗಂಡನ ಕನ್ನಡಕ ತಂದು ಚಾಚಿ ತೋರಿಸಿದಳು.

"ಇನ್ನೂ ಮೇಲೆ. ನೀನು ಕನ್ನಡಕಾನೇ ನೋಡ್ತಿದ್ದೀಯ. ಒರೆಸೋರು ಹಾಗೇ ನೋಡೋದು. ಅವನು ಜನರನ್ನ ನೋಡ್ತಿದ್ದ."

ಅಷ್ಟು ಬರೆದ ಅಕ್ಕ ಪೆನ್ನು ನಿಲ್ಲಿಸಿದಳು. "ಮೊದಲರ್ಧದಲ್ಲೂ ಹೀಗೇ ಮಾಡಿದ್ದ. ಎಚ್ಚರಿಕೆ ಕೊಡ್ಬೇಕಿತ್ತು. ನಾನು ನಕ್ಕುಬಿಟ್ಟೆ."

ತಂಗಿ ಕನ್ನಡಕ ಕೆಳಗಿಟ್ಟಳು. "ಸುಮ್ನಿರಕ್ಕ! ಅದನ್ನ ಯಾರು ಕೇಳಿದ್ರು? ಆಗ ನಕ್ಕವಳು ಆಮೇಲೆ ಯಾಕೆ ಊದಿದ್ಲು ಅಂತ ನಿನ್ನನ್ನೇ ಹಿಡ್ಕೋತಾರೆ."

"ಹಿಡ್ಕೊಳ್ಳಲಿ. ಎರಡು ಸಲಾನೂ ನೋಡಿ, ಬಂದು ಹೇಳೋಕೆ ಇರೋಳು ನೀನೊಬ್ಬಳೇ." ಅಕ್ಕ ತಲೆ ಎತ್ತಲಿಲ್ಲ. "ನಾಳೆ ನನ್ನ ಜೊತೆ ಬಾ. ತಂಗಿ ಅಂತಾನೇ ಹೇಳ್ಕೋ. ಕಂಡಿದ್ದಷ್ಟೂ ಹೇಳು, ನಾನು ನಕ್ಕಿದ್ದನ್ನೂ ಬಿಡ್ಬೇಡ. ಬರ್ತೀಯಾ?"