ಕೆಂಪಿಯ ಅವ್ವ ನಿಂತ ಜಾಗಗಳು

ನಾನು ಶಾಲೆಗೆ ಸೇರಿದ್ದು ಮಹಾರಾಜರ ಕಾಲದಲ್ಲಿ. ಹೆಗ್ಗಡದೇವನಕೋಟೆಯಿಂದ ಎತ್ತಿನ ಗಾಡಿಯಲ್ಲಿ ಹೊರಟರೆ ಮಧ್ಯಾಹ್ನ ದಾಟಿದ ಮೇಲೆ ಸಿಗುತ್ತಿದ್ದ, ಕಾಡಿನ ಅಂಚಿನ ಊರು ನಮ್ಮದು. ಹೆಣ್ಣುಮಕ್ಕಳು ಓದಲು ಹೋದರೆ ಮನೆಯಲ್ಲಿ ಕೂಸು ಎತ್ತಿಕೊಳ್ಳುವವರು ಯಾರು ಎಂದು ಆಗೆಲ್ಲ ಕೇಳುತ್ತಿದ್ದರು. ಹಾಗಾಗಿ ನಾವು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಅಕ್ಷರ ಕಲಿತೆವು. ಊರ ಚಾವಡಿಯೇ ಶಾಲೆ. ಸಗಣಿ ಸಾರಿಸಿದ ನೆಲ, ಮರದ ಕಂಬಗಳು, ಹಿಂಬದಿಯಲ್ಲಿ ಹುಲ್ಲು ತುಂಬಿಡುವ ಕತ್ತಲೆ ಕೋಣೆ. ಅವರೆಕಾಯಿ ಕಾಲ ಬಂತೆಂದರೆ ಎಲ್ಲರ ಕೈಯಲ್ಲೂ ಅದರ ಸೊಗಡು. ಮಂಜು ಕಾಡಿನಿಂದ ಇಳಿದು ಬಂದು ಹೊತ್ತೇರುವವರೆಗೂ ಚಾವಡಿಯೊಳಗೆ ನಮ್ಮ ಜೊತೆ ಕೂತಿರುತ್ತಿತ್ತು.

ನಮಗೆ ಕಲಿಸುತ್ತಿದ್ದವರು ಮೈಸೂರಿನಿಂದ ಬಂದಿದ್ದ ಪಾರ್ವತಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಊರವರಿಗೆಲ್ಲ ಮೇಷ್ಟ್ರಮ್ಮ. ಸ್ಲೇಟು ಹಿಡಿಸುವ ಮೊದಲು ಅವರು ಒಂದು ಆಟ ಆಡಿಸುತ್ತಿದ್ದರು. ಬಣ್ಣದ ಮರದ ಗಿಣಿಯೊಂದನ್ನು ಎಲ್ಲಾದರೂ ಇಟ್ಟು, "ಗಿಣಿ ಎಲ್ಲಿದೆ?" ಎನ್ನುವರು.

"ಮಣೆ ಮ್ಯಾಲೆ!"

"ಈಗ?"

"ಕುಕ್ಕೆ ಒಳ್ಗೆ!"

ಗಿಣಿ ಸಾಕಾದ ಮೇಲೆ ಆಟಕ್ಕೆ ನಾವೇ. ಕಂಬದ ಹಿಂದೆ ಒಬ್ಬ, ಮುಂದೆ ಒಬ್ಬಳು, ನಡುವೆ ಇನ್ನೊಬ್ಬ. ಯಾರು ಎಲ್ಲಿದ್ದಾರೆಂದು ಉಳಿದವರು ಕೂಗಿ ಹೇಳಬೇಕು.

ಕೆಂಪಿ ನಮ್ಮ ಪಕ್ಕದ ಮನೆಯ ಹುಡುಗಿ. ಆ ವರ್ಷದ ಚಳಿಜ್ವರದಲ್ಲಿ ಅವಳ ಅವ್ವ ತೀರಿಕೊಂಡಿದ್ದಳು. ಅಂದಿನಿಂದ ಕೆಂಪಿ ಬಾಯಿ ಬಿಟ್ಟಿರಲಿಲ್ಲ. ಅವಳ ಅಪ್ಪ ಒಂದು ಬೆಳಿಗ್ಗೆ ಅವಳನ್ನು ಚಾವಡಿಗೆ ಕರೆತಂದ.

"ಮನೇಲಿ ಗ್ವಾಡೆ ನೋಡ್ಕಂಡು ಕುಂತಿರ್ತಾಳೆ ಕಣ್ರವ್ವ. ಇಲ್ಲಾದ್ರೂ ಕುಂತಿರ್ಲಿ" ಎಂದು ಹೇಳಿ ಹೊರಟುಹೋದ.

ಅವಳು ಗೋಡೆಗೊರಗಿ ಕೂತಳು. ಆಟ ನಡೆದೇ ಇತ್ತು. ಮಕ್ಕಳು "ಯಾರೂ ಇಲ್ಲ" ಎನ್ನುವುದನ್ನೂ ಕಲಿಯಲಿ ಎಂದು ಮೇಷ್ಟ್ರಮ್ಮ ಹುಲ್ಲಿನ ಕೋಣೆಯತ್ತ ಕೈ ತೋರಿ ಕೇಳಿದರು: "ಆ ಕದದ ಹಿಂದೆ ಯಾರಿದ್ದಾರೆ?"

ನಾವು ಬಾಯಿ ತೆರೆಯುವ ಮೊದಲೇ ಕೆಂಪಿ ಹೇಳಿದಳು: "ನಮ್ಮವ್ವ."

ಎಷ್ಟೋ ದಿನದ ಮೇಲೆ ಕೇಳಿದ ಆ ದನಿ ಒರಟಾಗಿತ್ತು. ಎಲ್ಲರೂ ಕದದ ಕಡೆ ತಿರುಗಿದೆವು. ಅಲ್ಲಿ ಮಂಜಿನ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ. ಆದರೆ ನನ್ನ ಸೊಂಟದ ಮೇಲಿದ್ದ ತಮ್ಮ ಅತ್ತ ನೋಡಿ ನಕ್ಕ. ಎತ್ತಿಕೋ ಎನ್ನುವಂತೆ ಎರಡೂ ಕೈ ಚಾಚಿದ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಮಾರನೆಯ ದಿನ ಊರ ಗೌಡರು ಚಾವಡಿಗೆ ಬಂದರು.

"ಆ ಮಗೀನ ಬುಡ್ಸ್‌ಬುಡಿ ಮೇಷ್ಟ್ರಮ್ಮ. ಇಲ್ದಿದ್ರೆ ಯಾರೂ ಮಕ್ಳ ಕಳ್ಸಾಕಿಲ್ಲ. ಇಸ್ಕೂಲು ಮುಚ್ಕಂಡೋಯ್ತದೆ."

"ಈಗ ತಾನೇ ಬಾಯಿ ಬಿಟ್ಟಿದೆ ಗೌಡರೇ. ಈಗ ಆಚೆ ಕಳಿಸಿದರೆ ಆ ಮಗು ಮತ್ತೆ ಮಾತಾಡೋಲ್ಲ" ಎಂದರು ಮೇಷ್ಟ್ರಮ್ಮ.

ಚಾವಡಿ ಖಾಲಿಯಾಯಿತು. ನನ್ನವ್ವ ಮಾತ್ರ ನನ್ನನ್ನು ತಡೆಯಲಿಲ್ಲ. "ಬದುಕಿದ್ದಾಗ ನನ್ ಮಕ್ಳ ಎತ್ಕಂಡು ಆಡ್ಸಿದೋಳು. ಈಗೇನ್ ಮಾಡ್ಬುಟ್ಟಾಳು? ಓಗು" ಎಂದಳು.

ಕೆಂಪಿಯನ್ನೂ ನನ್ನನ್ನೂ ಎದುರು ಕೂರಿಸಿಕೊಂಡು ಮೇಷ್ಟ್ರಮ್ಮ ಎಂದಿನ ದನಿಯಲ್ಲೇ ಕೇಳಿದರು: "ಅವ್ವ ಎಲ್ಲಿದ್ದಾಳೆ ಕೆಂಪಿ?"

"ಇವ್ಳ ಇಂದ್ಗಡೆ."



"ಹತ್ತಿರಾನೋ, ದೂರಾನೋ?"

"ಅತ್ರ. ತಲೆ ನೋಡ್ತಾವ್ಳೆ."

ನನ್ನ ಕೂದಲೊಳಗೆ ತಣ್ಣನೆಯ ಬೆರಳುಗಳು ಬೈತಲೆ ತೆಗೆಯುತ್ತಾ ಸರಿದವು. ಒದ್ದೆ ಸೀರೆಯ ವಾಸನೆ, ಅದರ ಜೊತೆ ಅರಿಶಿನದ್ದು. ಹೆದರಿಕೆಗೆ ಅಂಥ ವಾಸನೆ ಹುಟ್ಟುತ್ತದೆ ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ನಾನು ಅಲ್ಲಾಡದೆ ಕೂತಿದ್ದೆ.

"ಅವ್ವನಿಗೆ ಇಲ್ಲಿ ಇಕ್ಕಟ್ಟು ಕಣಮ್ಮ. ಹೊರಗೆ ಬಾ ಅಂತ ನೀನೇ ಕರಿ" ಎಂದರು ಅವರು.

ಆಮೇಲೆ ದಿನಾ ಅದೇ ಪಾಠ. ಅವ್ವ ಹೊಸ್ತಿಲ ಆಚೆ ನಿಂತಳು. ಇನ್ನೊಂದು ದಿನ ಹೊಂಗೆಮರದ ಕೆಳಗೆ. ಮತ್ತೊಂದು ದಿನ ಕೆರೆ ಏರಿಯ ಮೇಲೆ. ಕೆಂಪಿ ಹೇಳಿದ ಜಾಗಕ್ಕೆಲ್ಲ ನಾವು ಹೋದೆವು. ನಾವು ಮುಟ್ಟುವಷ್ಟರಲ್ಲಿ ಅವ್ವ ಇನ್ನಷ್ಟು ಮುಂದಿರುತ್ತಿದ್ದಳು. ಕೊನೆಗೆ ರಾಗಿ ಕೊಯ್ದ ಹೊಲ ದಾಟಿ ಕಾಡಿನ ಅಂಚಿಗೆ ಬಂದೆವು. ಹಕ್ಕಿಯ ಸದ್ದೂ ಇರಲಿಲ್ಲ.

"ಎಲ್ಲಿದ್ದಾಳೆ?"

"ಮರಗಳ ನಡ್ವೆ. ತಿರುಗಿ ನೋಡ್ತಾವ್ಳೆ."

"ಈಗ?"

ಕೆಂಪಿ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು. "ಈಗ ಬರೀ ಮಂಜು" ಎಂದಳು. ಆಮೇಲೆ ಅಳತೊಡಗಿದಳು. ಅವ್ವ ಸತ್ತ ದಿನವೂ ಅವಳು ಅತ್ತಿರಲಿಲ್ಲ. ಮೇಷ್ಟ್ರಮ್ಮ ಅವಳನ್ನು ಎದೆಗೊತ್ತಿಕೊಂಡು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

ಆ ದಿನದಿಂದ ಕೆಂಪಿಗೆ ಮತ್ತೇನೂ ಕಾಣಿಸಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಶಾಲೆಗೆ ಹಿಂತಿರುಗಿದರು. ಕೆಂಪಿ ನಮ್ಮೆಲ್ಲರಿಗಿಂತ ಹೆಚ್ಚು ಗಲಾಟೆ ಮಾಡುವವಳಾದಳು. ಮೇಷ್ಟ್ರಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಎಷ್ಟೋ ವರ್ಷಗಳ ನಂತರ ಹೊಳೆಗೆ ಅಣೆಕಟ್ಟು ಬಂದು ಚಾವಡಿ, ಕೆರೆ ಏರಿ, ಕಾಡಿನ ಅಂಚು ಎಲ್ಲವೂ ಮುಳುಗಿಹೋದವು.

ಊರು ಬಿಡುವ ದಿನ ಗಾಡಿಗೆ ಪಾತ್ರೆ ತುಂಬುತ್ತಾ ಕೆಂಪಿ ನನ್ನನ್ನು ಪಕ್ಕಕ್ಕೆ ಕರೆದಳು. ಆಗಲೇ ಅವಳಿಗೆ ಮೊಮ್ಮಕ್ಕಳಾಗಿದ್ದರು.

"ನಮ್ಮವ್ವ ನೋಡಾಕೆ ಎಂಗಿದ್ಲು ಕಣೆ? ಆವತ್ತು ಕಾಡ್ತಾವ ಬುಟ್ಟು ಬಂದ್ಮ್ಯಾಲೆ ನಂಗೆ ಮಖನೇ ಗ್ಯಾನಕ್ಕೆ ಬತ್ತಿಲ್ಲ. ನೀನಾದ್ರೂ ಏಳು."

ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಆ ಬೆರಳುಗಳ ತಣುಪು ನೆತ್ತಿಯ ಮೇಲೆ ಹಾಗೇ ಇತ್ತು. ಮುಖ ಮಾತ್ರ ನನಗೂ ಬರಲಿಲ್ಲ. ಕೇಳೋಣವೆಂದರೆ ಆ ಮುಖ ಕಂಡಿದ್ದ ಹಿರಿಯರು ಊರಿನಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.