ಹಲೋ ಬಂಡೆಗೆ ಓಡಿದ ಬೆಳಿಗ್ಗೆ

ಫೆಬ್ರವರಿ ಕೊನೆಯ ವಾರದ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಜಾವಳಿ ಕಡೆಯ ನಮ್ಮ ಎಸ್ಟೇಟಿನ ಮೂರನೇ ಬ್ಲಾಕಿನಲ್ಲಿ, ಕೆರೆಯ ಮೇಲಿನ ಮೊದಲ ಸಿಲ್ವರ್ ಮರದಿಂದ ಎಂಟು ಮಾರು ದೂರದಲ್ಲಿ ನಾನು ನಿಂತಿದ್ದೆ. ಸಮಯವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗಷ್ಟೇ ಕರಿಮೆಣಸಿನ ಗೊಂಚಲಿನ ಒಂದು ಫೋಟೊ ತೆಗೆದು ಸಾಹುಕಾರರ ಫೋನಿಗೆ ಕಳಿಸಿದ್ದೆ. ಫೋಟೊದ ಕೆಳಗೆ ಸಮಯ ಇತ್ತು. ಅದರ ಪಕ್ಕದಲ್ಲಿ, ತಲುಪಿತು ಎನ್ನುವ ಎರಡು ಗೀಟುಗಳೂ ಇದ್ದವು. ಆ ಗೀಟುಗಳನ್ನು ನೋಡಿಯೇ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಾನು ಮಾಡಿದ್ದಕ್ಕೆ 'ಗೊತ್ತಿರಲಿಲ್ಲ' ಎಂಬ ನೆಪ ಇಲ್ಲ.

ಆ ಎಸ್ಟೇಟಿನಲ್ಲಿ ನಾನು ರೈಟರ್, ಆಳುಗಳ ಹಾಜರಿ ಬರೆಯುವವನು. ಆ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯುತ್ತಿದ್ದವನು ನನ್ನ ಹಳೆಯ ಗೆಳೆಯ. ನಮ್ಮಲ್ಲಿ ಅವನಷ್ಟು ಸಲೀಸಾಗಿ ಏಣಿ ಹತ್ತುವವರು ಬೇರೆ ಇರಲಿಲ್ಲ. ಮರದ ಆಚೆ ಬದಿಯಲ್ಲಿ ಮೇಸ್ತ್ರಿ ಬೀಡಿ ಹಚ್ಚುತ್ತಿದ್ದರು. ಕೆಳಗೆ ಉದುರಿದ ಕಾಳು ಹೆಕ್ಕುತ್ತ ಒಬ್ಬ ಹೆಂಗಸು ಕೂತಿದ್ದಳು. ಬಯಲುಸೀಮೆಯಿಂದ ಕೆಲಸಕ್ಕೆ ಬಂದು ಅವಳಿಗೆ ಎರಡು ತಿಂಗಳಾಗಿರಬಹುದು.

ಮೆಣಸು ಕೊಯ್ಯುವ ಏಣಿ ಎಂದರೆ ಒಂದೇ ಬಿದಿರಿನ ಗಳು. ಗೆಣ್ಣುಗಳಲ್ಲಿ ಉಳಿಸಿದ ಕೊಂಬೆಯ ತುಂಡುಗಳೇ ಮೆಟ್ಟಿಲು. ಮರಕ್ಕೆ ಹಗ್ಗದಿಂದ ಬಿಗಿದು ಹತ್ತಬೇಕು. ಅವನು ಬಿಗಿದಿದ್ದ, ನಾನೇ ನೋಡಿದ್ದೆ. ಹಗ್ಗ ಹರಿಯಲಿಲ್ಲ. ಒಣಗಿದ ತರಗೆಲೆಯ ಮೇಲೆ ಏಣಿಯ ಬುಡ ಜಾರಿತು. ಅವನು ಕೂಗಲಿಲ್ಲ. ಮೊದಲು ಹೆಗಲಿನ ಚೀಲ ಬಿತ್ತು, ಆಮೇಲೆ ಅವನು. ಕಡಿದುಬಿಟ್ಟಿದ್ದ ಕಾಫಿ ಗಿಡದ ಮೋಟೊಂದು ಅವನ ಬಲತೊಡೆಯನ್ನು ಸೀಳಿತ್ತು. ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ರಕ್ತ ತರಗೆಲೆಯ ಕೆಳಗೆ ಇಳಿಯುತ್ತಿದ್ದುದರಿಂದ ಎಷ್ಟು ಹೋಗುತ್ತಿದೆ ಎಂದು ಮೊದಲು ತಿಳಿಯಲಿಲ್ಲ.

ಮೇಸ್ತ್ರಿ ತಲೆಯ ಟವೆಲು ಬಿಚ್ಚಿ ತೊಡೆಗೆ ಬಿಗಿದರು. ಗೆಳೆಯ ಕಣ್ಣು ತೆರೆದು ನನ್ನನ್ನೇ ನೋಡಿದ.

"ರೈಟ್ರೇ, ಬಂಡೆಗೆ ಹೋಗಿ. ಜೀಪಿಗೆ ಹೇಳಿ."

"ನಿಂತು ನೋಡ್ತೀರೆಂತ?" ಮೇಸ್ತ್ರಿ ಕಿರುಚಿದರು. "ಓಡಿ ಮಾರಾಯ್ರೇ!"

ನಾನು ಓಡಿದೆ.

ಹಲೋ ಬಂಡೆ ಇರುವುದು ಮೂರನೇ ಬ್ಲಾಕಿನಿಂದ ಮೇಲಕ್ಕೆ, ಬೇಲಿ ದಾಟಿ, ಹುಲ್ಲುಗುಡ್ಡದ ನೆತ್ತಿಯಲ್ಲಿ. ಎಸ್ಟೇಟಿನ ಯಾವ ಮೂಲೆಯಲ್ಲೂ ಸಿಗ್ನಲ್ ಇಲ್ಲದ ಕಾಲದಲ್ಲಿ ಅದನ್ನು ಕಂಡುಹಿಡಿದವನು ಇದೇ ಗೆಳೆಯ. ತಪ್ಪಿಸಿಕೊಂಡ ದನ ಹುಡುಕುತ್ತ ಹತ್ತಿದ್ದ. ಗಂಟೆ ನೋಡುವುದಕ್ಕೆಂದು ಇಟ್ಟುಕೊಂಡಿದ್ದ ಫೋನು ಅಲ್ಲಿ ಇದ್ದಕ್ಕಿದ್ದಂತೆ ಹೊಡೆದುಕೊಂಡಿತಂತೆ. ಹೆದರಿ ಅದನ್ನು ಹುಲ್ಲಿಗೆ ಎಸೆದನಂತೆ. ಆಮೇಲೆ ಆ ಬಂಡೆ ನಮಗೆಲ್ಲರಿಗೂ ಬೇಕಾಯಿತು, ಅದಕ್ಕೆ ರೀತಿನೀತಿಯೂ ಬಂತು. ಎಡಗಾಲನ್ನು ಮೇಲಿನ ಅಂಚಿಗಿಟ್ಟು, ಬಾಬಾಬುಡನ್‌ಗಿರಿಯ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ತಿರುಗಿದರೆ ಮಾತು ತುಂಡಾಗುತ್ತಿತ್ತು. ಸ್ವಲ್ಪ ಕೆಳಗೆ ಒಂದು ನೆಲ್ಲಿಮರ. ಅಲ್ಲಿಗೆ ಬಂದವರು ಒಮ್ಮೆ ಕೆಮ್ಮಬೇಕು, ಮೇಲೆ ಮಾತಾಡುತ್ತಿರುವವರು ಗುಟ್ಟಿನ ಮಾತಿದ್ದರೆ ನಿಲ್ಲಿಸಿಕೊಳ್ಳಲಿ ಎಂದು. ಹತ್ತುವ ಮೊದಲು ಆಳುಗಳ ಲೈನಿನಲ್ಲಿ ಮನೆಮನೆಗೂ ಕೇಳಿ ಹೊರಡಬೇಕು. 'ಅಕ್ಕಂಗೆ ಹೆರಿಗೆ ಆಯ್ತಾ ಕೇಳಿ', 'ಶನಿವಾರ ಬರುವಾಗ ಒಣಮೀನು ತರ್ಲಿಕ್ಕೆ ಹೇಳಿ' ಎಂದೆಲ್ಲ ಅವರಿವರ ಮಾತು ಹೊತ್ತುಕೊಂಡು ನಾನು ಎಷ್ಟೋ ಸಲ ಹತ್ತಿದ್ದೇನೆ. ಗೆಳೆಯನ ಮಗಳ ಮದುವೆ ಒಪ್ಪಿಗೆಯಾದ ಸುದ್ದಿಯನ್ನು ನಾವಿಬ್ಬರೂ ಒಂದೇ ಫೋನಿಗೆ ಕಿವಿ ಹಚ್ಚಿ ಅಲ್ಲಿಯೇ ಕೇಳಿದ್ದು.

ಜೋರಾದ ನೆಟ್‌ವರ್ಕ್ ನಮ್ಮಲ್ಲಿಗೆ ಒಮ್ಮೆಲೇ ಬರಲಿಲ್ಲ. ಕಳಸ ಪೇಟೆಯಲ್ಲಿ ಫೋನಿನೊಳಗೇ ಸಿನಿಮಾ ನೋಡುತ್ತಾರಂತೆ ಎಂದು ಮೊದಲು ಕೇಳಿದೆವು. ಆಮೇಲೆ ನಮ್ಮ ಬಸ್‌ಸ್ಟಾಪಿಗೆ ಬಂತು. ಒಂದು ಮಳೆಗಾಲ ಕಳೆದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ನೀರಿನ ಟ್ಯಾಂಕಿನ ಪಕ್ಕಕ್ಕೆ, ಅದೂ ಕರೆಂಟು ಇದ್ದಾಗ ಮಾತ್ರ. ಮರುವರ್ಷ ಕಾಫಿ ಒಣಗಿಸುವ ಕಣಕ್ಕೆ. ಕೊನೆಗೆ ಎದುರು ಗುಡ್ಡದಲ್ಲಿ ಹೊಸ ಟವರ್ ಎದ್ದು, ಆ ಜನವರಿಯಲ್ಲಿ ಮೂರನೇ ಬ್ಲಾಕಿನ ತಗ್ಗಿಗೂ ಇಳಿಯಿತು. ನಾವೆಲ್ಲ ಕೆಲಸದ ನಡುವೆಯೇ ಫೋಟೊ ಕಳಿಸುತ್ತಿದ್ದೆವು, ಹಾಡು ಕೇಳುತ್ತಿದ್ದೆವು. ಬಂಡೆಗೆ ಯಾರೂ ಹೋಗುತ್ತಿರಲಿಲ್ಲ. ಆದರೂ ಜೀವಕ್ಕೆ ಕುತ್ತು ಬಂದಾಗ ಮಾಡುವ ಫೋನು ಬಂಡೆಯ ಮೇಲಿನದು ಎಂದು ನಮ್ಮ ಕಾಲುಗಳು ಕಲಿತಿದ್ದವು. ಅವಕ್ಕೆ ಯಾರೂ ಹೊಸದನ್ನು ಹೇಳಿಕೊಟ್ಟಿರಲಿಲ್ಲ.

ಬೇಲಿ ದಾಟುವಾಗ ಅಂಗಿ ಹರಿಯಿತು. ಫೋನು ಬೀಳದ ಹಾಗೆ ಜೇಬನ್ನು ಕೈಯಿಂದ ಒತ್ತಿ ಹಿಡಿದುಕೊಂಡೆ. ಹಾಗೆ ಹಿಡಿದುಕೊಂಡಾಗಲೂ ಹೊಳೆಯಲಿಲ್ಲ. ನೆಲ್ಲಿಮರದ ಹತ್ತಿರ ಬಂದಾಗ, ಉಸಿರೇ ಇಲ್ಲದಿದ್ದರೂ, ನಿಂತು ಕೆಮ್ಮಿದೆ. ಮೇಲೆ ಯಾರೂ ಇರಲಿಲ್ಲ. ನಾವು ಕಾಲಿಡುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅದರ ಮೇಲೆ ಎಡಗಾಲಿಟ್ಟು, ಬಾಬಾಬುಡನ್‌ಗಿರಿಯ ಕಡೆ ತಿರುಗಿ, ಜೀಪಿನ ಡ್ರೈವರಿಗೆ ಫೋನ್ ಮಾಡಿದೆ.

ಹತ್ತೂ ಮೂವತ್ತೆರಡು. ಆ ಸಮಯವೂ ಫೋನಿನಲ್ಲಿದೆ.

"ಬೇಗ ಬನ್ನಿ, ಬಿದ್ದುಬಿಟ್ಟಿದ್ದಾನೆ..." ಎಂದೆ.

"ಗೊತ್ತು ಮಾರಾಯ್ರೇ. ಗೇಟು ದಾಟಿ ಒಳಗೆ ಬಂದಾಯ್ತು. ಯಾರೋ ಹೆಂಗಸು ಆಗಲೇ ಫೋನ್ ಮಾಡಿದ್ರು. ನೀವೆಲ್ಲಿದ್ದೀರಿ?"

"ಬಂಡೆ ಮೇಲೆ."

ಆ ಕಡೆ ಡ್ರೈವರ್ ಗೇರು ಬದಲಿಸಿದ ಸದ್ದು ಕೇಳಿಸಿತು.

"ಅಲ್ಲೆಂತ ಮಾಡ್ತಿದ್ದೀರಿ?" ಎಂದರು ಡ್ರೈವರ್.

ಇಳಿಯುವಾಗ ಎರಡು ಕಡೆ ಬಿದ್ದೆ. ನಾನು ತಲುಪುವ ಹೊತ್ತಿಗೆ ಡ್ರೈವರ್, ಮೇಸ್ತ್ರಿ ಮತ್ತು ಆ ಹೆಂಗಸು ಸೇರಿ ಅವನನ್ನು ಗೋಣಿತಾಟಿನ ಮೇಲೆ ಜೀಪಿಗೆ ಏರಿಸಿಯಾಗಿತ್ತು. ಅವಳ ಎರಡು ಕೈಗಳೂ ಮೊಣಕೈವರೆಗೆ ಕೆಂಪಾಗಿದ್ದವು. ನಾನು ಗುಡ್ಡ ಹತ್ತುವಷ್ಟು ಹೊತ್ತೂ ಟವೆಲಿನ ಗಂಟನ್ನು ಒತ್ತಿ ಹಿಡಿದವಳು ಅವಳೇ. ಊರಿಂದ ಬಂದ ದಿನ ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಅವಳನ್ನು ಕರೆತಂದದ್ದು ಇದೇ ಜೀಪು. ಡ್ರೈವರ್ ನಂಬರು ಅವಳ ಫೋನಿನಲ್ಲಿತ್ತು. ನಾನು ಬೇಲಿ ತಲುಪುವ ಮೊದಲೇ ಅವಳು ಕೂತಲ್ಲಿಂದಲೇ ಆ ನಂಬರು ಒತ್ತಿದ್ದಳು.

ಜೀಪು ಹೊರಟ ಮೇಲೆ ಕೆರೆಯಲ್ಲಿ ಕೈ ತೊಳೆಯುತ್ತ ಅವಳು ಕೇಳಿದಳು: "ಅಲ್ರೀ ಸಾಹೇಬ್ರ, ನಿಮ್ಮ ಕಿಸೆದಾಗ ಫೋನ್ ಇತ್ತಲ್ರೀ. ಮತ್ಯಾಕ ಗುಡ್ಡ ಹತ್ತಿದ್ರಿ?"

ಅವಳಿಗೆ ತಮಾಷೆ ಮಾಡುವ ಉದ್ದೇಶ ಇರಲಿಲ್ಲ. ಮೇಲೆ ಯಾವುದೋ ದೇವರಿಗೆ ಹೇಳಿಬರಲು ಹೋಗಿರಬೇಕು ಎಂದು ಅಂದುಕೊಂಡಿದ್ದಳಂತೆ. ಬಂಡೆಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಅಂದು ಅವನನ್ನು ಉಳಿಸಿದ್ದು ಅದೇ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಡ್ರೈವರಿಗೆ, "ಇನ್ನು ಹತ್ತು ಹದಿನೈದು ನಿಮಿಷ ತಡ ಆಗಿದ್ರೆ ಉಳೀತಿದ್ರೋ ಇಲ್ವೋ ಹೇಳ್ಲಿಕ್ಕಾಗ್ತಿರ್ಲಿಲ್ಲ" ಎಂದಷ್ಟೇ ಅಂದರಂತೆ. ಮುಂದಿನ ಭಾನುವಾರ ನಾನು ಒಬ್ಬನೇ ಹೋಗಿ ಆ ಮರದ ಬುಡದಿಂದ ಬಂಡೆಯವರೆಗೆ ಓಡಿ ನೋಡಿದೆ. ಬೇಲಿ ದಾಟುವುದೂ ಸೇರಿ ಹನ್ನೊಂದು ನಿಮಿಷ. ಎರಡನೆಯ ಸಲವೂ ಹನ್ನೊಂದೇ. ಮೂರನೆಯ ಸಲ ನೋಡಲು ಧೈರ್ಯ ಬರಲಿಲ್ಲ.

ಅವನ ಎದುರು ಹೋಗಲು ನನಗೆ ಒಂದು ವಾರ ಬೇಕಾಯಿತು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ನನ್ನನ್ನು ನೋಡಿದ್ದೇ ಕೇಳಿದ:

"ಬಂಡೇಲಿ ಸಿಗ್ನಲ್ ಸಿಕ್ತಾ ರೈಟ್ರೇ?"

"ಬಂಡೆಗೆ ಓಡಿ ಅಂದವ ನೀನೇ ಅಲ್ವಾ ಮಾರಾಯ!"

"ನಾನು ಮರದಿಂದ ಬಿದ್ದವ. ನಿಮಗೇನಾಗಿತ್ತು?"

ನಗುವಾಗ ನೋವಾಗಿ ಅವನು ಮಂಚದ ಅಂಚು ಹಿಡಿದುಕೊಂಡ. ನಾನು ನಗುತ್ತಲೇ ಹೊರಗಿನ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಈಗ ಮೂರನೇ ಬ್ಲಾಕಿನಲ್ಲಿ ಸಿಗ್ನಲ್ ಇಲ್ಲದ ಮರವೇ ಇಲ್ಲ. ಅಂದು ಕಂಡದ್ದನ್ನು ನಾನೊಬ್ಬನೇ ಹೇಳಿದರೆ ನಂಬಬೇಕಾಗಿಲ್ಲ. ನನ್ನನ್ನು ಬಿಟ್ಟು ಅಲ್ಲಿದ್ದವರು ಮೂವರು. ಮೇಸ್ತ್ರಿ ಕೆಲಸ ಬಿಟ್ಟು ಕಳಸದಲ್ಲಿ ತಂಗಿಯ ಮನೆಯಲ್ಲಿದ್ದಾರೆ. 'ಓಡಿ' ಎಂದದ್ದು ತಾನೇ ಎಂದು ಕೇಳದಿದ್ದರೂ ಒಪ್ಪಿಕೊಳ್ಳುತ್ತಾರೆ. ಬಯಲುಸೀಮೆಯ ಆ ಹೆಂಗಸು ಪ್ರತಿ ವರ್ಷ ಕೊಯ್ಲಿಗೆ ಬರುತ್ತಾಳೆ, ಹಾಜರಿಯಲ್ಲಿ ಮೊದಲು ಅವಳ ಹೆಸರನ್ನೇ ಬರೆಯುತ್ತೇನೆ. ಮೂರನೆಯವನು ಇನ್ನು ಏಣಿ ಹತ್ತುವುದಿಲ್ಲ. ಬಲಗಾಲು ಸ್ವಲ್ಪ ಎಳೆಯುತ್ತ, ಕಣದಲ್ಲಿ ಒಣಹಾಕಿದ ಮೆಣಸನ್ನು ಕಾಲಿನಿಂದ ಹರವುತ್ತಿರುತ್ತಾನೆ. ಇಂದು ಬೆಳಿಗ್ಗೆಯೂ ಇದ್ದ.