ಉಗಾಂಡಕ್ಕೆ ಹೊರಟ ರಾಜ

ನನ್ನ ತಮ್ಮನ ಮನೆಯ ನಾಯಿಗೆ ಇನ್ನೊಂದು ಸಂಸಾರ ಇರುವುದು ಕಳೆದ ವಾರ ವಿರಾಜಪೇಟೆಯಲ್ಲಿ ಬಯಲಾಯಿತು. ಬಯಲು ಮಾಡಿದ್ದು ಅಂಗೈಯಗಲದ ಒಂದು ಮೆಷಿನ್.

ಮೊದಲಿಂದ ಹೇಳುತ್ತೇನೆ. ತಮ್ಮ ದಿನೇಶ ಶ್ರೀಮಂಗಲದ ಕಡೆ ಒಂದು ಎಸ್ಟೇಟಿನ ಮ್ಯಾನೇಜರ್. ಅವನಿಗೆ ಉಗಾಂಡದ ಕಾಫಿ ತೋಟವೊಂದರಲ್ಲಿ ಕೆಲಸ ಸಿಕ್ಕಿತು. (ಅಲ್ಲೂ ಕಾಫಿ ಬೆಳೆಯುತ್ತಾರೆ. ಕಾಫಿ ಕಂಡುಹಿಡಿದವರೇ ತಾವು ಎಂದುಕೊಂಡಿರುವ ನಮ್ಮ ಜನಕ್ಕೆ ಇದನ್ನು ನಂಬಿಸುವುದು ಕಷ್ಟ.) ಸುದ್ದಿ ಕೇಳಿದ ಅವನ ಹೆಂಡತಿ ರೇವತಿ ಹೇಳಿದ್ದು ಒಂದೇ ಮಾತು. ರಾಜ ಬಂದರೆ ನಾನೂ ಬರುತ್ತೇನೆ.

ರಾಜ ಅಂದರೆ ನಾಯಿ. ಕಂದು ಬಣ್ಣ, ಜೋಲು ಕಿವಿ, ಅಪಾರ ಸೋಮಾರಿತನ.

ನಾಯಿಯನ್ನು ವಿಮಾನ ಹತ್ತಿಸುವುದು ಆಗದ ಹೋಗದ ಕೆಲಸ ಎಂದು ರೇವತಿ ಲೆಕ್ಕ ಹಾಕಿದ್ದಳೋ ಏನೋ. ಆದರೆ ದಿನೇಶ ಹಿಡಿದ ಪಟ್ಟು ಬಿಡುವವನಲ್ಲ. ರೇಬೀಸ್ ಇಂಜೆಕ್ಷನ್, ಹೆಲ್ತ್ ಸರ್ಟಿಫಿಕೇಟ್, ವಿಮಾನದವರು ಹೇಳಿದ ಅಳತೆಯ ಬೋನು, ಎಲ್ಲಕ್ಕೂ ಓಡಾಡಿದ. ಬೋನಿನಲ್ಲಿ ರಾಜನನ್ನು ಕೂರಿಸಿ, ಅಭ್ಯಾಸವಾಗಲಿ ಎಂದು ಮೊಬೈಲಿನಲ್ಲಿ ವಿಮಾನದ ಸದ್ದು ಹಾಕುತ್ತಿದ್ದ. ರಾಜ ಗೊರಕೆ ಹೊಡೆಯುತ್ತಿತ್ತು. ಹೋಂಸ್ಟೇಗೆ ಬಂದ ಗೆಸ್ಟುಗಳು ಮಾತ್ರ ಗಾಬರಿಯಿಂದ ಆಕಾಶ ನೋಡುತ್ತಿದ್ದರು.

ಹೋಂಸ್ಟೇ ರೇವತಿಯದು. ಮೂರೇ ರೂಮು. ಕೈ ಸುಟ್ಟುಕೊಂಡು, ಕಲಿತು, ಈಗಷ್ಟೇ ಸೀಸನ್ನಿನಲ್ಲಿ ರೂಮು ಖಾಲಿ ಇಲ್ಲ ಎಂದು ಫೋನಿನಲ್ಲಿ ಹೇಳುವ ಸುಖ ಕಾಣುತ್ತಿದ್ದಾಳೆ.

ಇತ್ತ ನಮ್ಮ ಇಡೀ ಕುಟುಂಬಕ್ಕೆ ನಾಯಿಯದೇ ಚಿಂತೆ. ಅಲ್ಲಿನ ಬಿಸಿಲು ತಡೆಯುತ್ತದಾ? ಉಣ್ಣಿ ಹುಳದ ಕಾಟ ಇದೆಯಾ? ಕನ್ನಡದಲ್ಲಿ ಗದರಿದರಷ್ಟೇ ಕೇಳುವ ನಾಯಿ ಅಲ್ಲಿ ಯಾರ ಮಾತು ಕೇಳುತ್ತದೆ? ಅಪ್ಪನ ಕಡೆಯ ಒಬ್ಬ ಚಿಕ್ಕಪ್ಪ, ಅಲ್ಲಿ ಸಿಂಹ ಇದೆಯಂತೆ ಎಂದು ದಿನಾ ಫೋನ್ ಮಾಡಿದರು.

ಉಳಿದಿದ್ದು ಮೈಕ್ರೋಚಿಪ್. ಅದಕ್ಕೆಂದು ದಿನೇಶ, ರೇವತಿ, ನಾನು ರಾಜನನ್ನು ವಿರಾಜಪೇಟೆಯ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡದನ್ನು ಚುಚ್ಚಿ ಕೂರಿಸುತ್ತಾರೆ. ನಾಯಿಯ ಆಧಾರ್ ಕಾರ್ಡ್ ಅನ್ನಿ. ಚುಚ್ಚುವ ಮೊದಲು ಡಾಕ್ಟರು ಮೆಷಿನ್ ಹಿಡಿದರು. ಅದು ಕುಂಯ್ ಎಂದಿತು. ಚಿಪ್ ಆಗಲೇ ಇದೆ!

ಡಾಕ್ಟರು ರಾಜನ ಮುಖ ಎತ್ತಿ ನೋಡಿದರು. "ಇದು ಮುತ್ತಮ್ಮ ಆಂಟಿಯ ಟೈಗರ್ ಅಲ್ವಾ? ನಾನೇ ಹಾಕಿದ್ದು."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ತೋಟದ ಮನೆಗಳಲ್ಲಿ ನಾಯಿ ಹಗಲು ಗೂಡಿನಲ್ಲಿ, ರಾತ್ರಿ ಬಿಡುಗಡೆ. ಮನೆ ಕಾಯಲಿ ಎಂದು ಬಿಡುತ್ತೇವೆ. ಯಾರ ಮನೆ ಎಂದು ನಾಯಿಗೆ ಯಾರು ಹೇಳಿದ್ದಾರೆ? ರಾಜ ಕತ್ತಲಾದ ಮೇಲೆ ಕೊಲ್ಲಿ, ಅಂದರೆ ತೋಟಗಳ ನಡುವಿನ ಹಳ್ಳ, ದಾಟಿ ಆಚೆ ತೋಟದ ಮುತ್ತಮ್ಮನ ಮನೆಗೆ ಹೋಗಿ, ಪೊಗದಸ್ತಾಗಿ ಹಂದಿಕರಿ ಉಂಡು, ಜಗಲಿಯಲ್ಲಿ ಮಲಗಿ, ಬೆಳಗಾದರೆ ಏನೂ ಅರಿಯದವನಂತೆ ವಾಪಸ್ ಬರುತ್ತಿತ್ತು. ಬೆಳಿಗ್ಗೆ ಏನೂ ತಿನ್ನುವುದಿಲ್ಲ ಎಂದು ರೇವತಿ ಅದಕ್ಕೆ ಲಿವರ್ ಟಾನಿಕ್ ಕುಡಿಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ದಾಟಿದರೂ ಬಂದಿರಲಿಲ್ಲ. ಹೆಣ್ಣುನಾಯಿ ಹಿಂದೆ ಬಿದ್ದಿದೆ ಎಂದುಕೊಂಡು ನಕ್ಕಿದ್ದೆವು. ಅದು ಚಿಪ್ ಹಾಕಿಸಿಕೊಳ್ಳಲು ಇದೇ ಡಾಕ್ಟರ ಹತ್ತಿರ ಬಂದಿತ್ತು!

ಕೊಲ್ಲಿಯ ಆಚೆ ಈಚೆ ಇದ್ದರೂ ರಸ್ತೆಯಲ್ಲಿ ಸುತ್ತಿ ಹೋಗಬೇಕು. ಹಾಗಾಗಿ ಮುತ್ತಮ್ಮ ಮತ್ತು ರೇವತಿ ಸಿಗುವುದು ಮದುವೆ ಮನೆಗಳಲ್ಲಿ ಮಾತ್ರ. ಡಾಕ್ಟರು ಫೋನ್ ಮಾಡಿದರು. ಮುತ್ತಮ್ಮ ತಾವೇ ಜೀಪು ಓಡಿಸಿಕೊಂಡು ಬಂದರು. ಎಪ್ಪತ್ತರ ಮೇಲಿನ ಹೆಂಗಸು, ಜೀಪು ನಿಲ್ಲಿಸುವ ರಭಸಕ್ಕೆ ಅಂಗಡಿಯವರೆಲ್ಲ ಹೊರಗೆ ಬಂದರು. ಒಳ್ಳೆಯ ಜಗಳ ನೋಡಲು ಸಿಗುತ್ತದೆ ಎಂದು ನಾನು ಕುರ್ಚಿ ಎಳೆದುಕೊಂಡೆ.

ಜಗಳ ಆಗಲಿಲ್ಲ. ಬಿಟ್ಟುಹೋದ ತೋಟದ ಅನಾಥ ನಾಯಿ ಎಂದುಕೊಂಡಿದ್ದರಂತೆ. ರಾತ್ರಿ ಬರ್ತದೆ, ಬೆಳಿಗ್ಗೆ ಹೋಗ್ತದೆ, ಗಂಡಸರನ್ನೇ ಎಲ್ಲಿಗೆ ಅಂತ ಕೇಳಿದವಳಲ್ಲ, ನಾಯಿಯನ್ನು ಕೇಳ್ತೇನಾ ಎಂದರು. ಕರೆದುಕೊಂಡು ಹೋಗಿ ಎಂದೂ ಹೇಳಿದರು. ಹೇಳುವಾಗ ಕೈ ಮಾತ್ರ ರಾಜನ ಕಿವಿಯ ಮೇಲೇ ಇತ್ತು. ಪಾಪ ಅನ್ನಿಸಿತು ನನಗೆ.

ಜೀಪು ಹತ್ತುವ ಮೊದಲು ತಿರುಗಿ ದಿನೇಶನನ್ನು ಕೇಳಿದರು. "ಅಷ್ಟು ದೂರ ಹೋಗ್ಲಿಕ್ಕೆ ಇದಕ್ಕೆ ಇಷ್ಟ ಉಂಟಾ? ಕೇಳಿದ್ದೀರಾ ಯಾರಾದ್ರೂ?"

ದಿನೇಶ ನಕ್ಕ. ಡಾಕ್ಟರೂ ನಕ್ಕರು. ರೇವತಿ ನಗಲಿಲ್ಲ.

"ನನ್ನನ್ನೇ ಯಾರೂ ಕೇಳ್ಲಿಲ್ಲ ಆಂಟಿ."

ದೊಡ್ಡ ದನಿಯಲ್ಲೇನೂ ಹೇಳಲಿಲ್ಲ. ನಮ್ಮ ನಗು ಮಾತ್ರ ಅಲ್ಲೇ ನಿಂತಿತು. ಹೌದಲ್ಲ! ಸಿಂಹದ ಚಿಕ್ಕಪ್ಪನಿಂದ ಹಿಡಿದು ನನ್ನವರೆಗೆ ಅಷ್ಟು ಜನ ಅಷ್ಟು ದಿನ ಚರ್ಚೆ ಮಾಡಿದೆವಲ್ಲ, ಒಬ್ಬರಾದರೂ ಅವಳ ಹೆಸರು ಎತ್ತಿದೆವಾ? ನಾಯಿಗೆ ಅಲ್ಲಿ ಬೇಜಾರಾದರೆ ಏನು ಮಾಡುವುದು ಎಂದು ತಲೆ ಕೆಡಿಸಿಕೊಂಡ ಗಂಡ, ತುಂಬಿದ ಮೂರು ರೂಮಿಗೆ ಬೀಗ ಹಾಕಿ ಹೊರಡಬೇಕಾದವಳ ಬಗ್ಗೆ ಯೋಚಿಸಲಿಲ್ಲ. ಮುದ್ದು ಮಾಡಿಸಿಕೊಳ್ಳುವವರಿಗೆ ಚಿಪ್ ಇದೆ, ಬೇಯಿಸಿ ಹಾಕುವವರಿಗೆ ಟಿಕೆಟ್ ಅಷ್ಟೇ.

ವಾಪಸ್ ಬರುವಾಗ ರಾಜ ಮತ್ತು ನಾನು ಹಿಂದಿನ ಸೀಟಿನಲ್ಲಿ. ಅದು ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಿತ್ತು. ಅರ್ಧ ದಾರಿಯಲ್ಲಿ ದಿನೇಶ ಗಂಟಲು ಸರಿ ಮಾಡಿಕೊಂಡು, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಉಗಾಂಡಕ್ಕೆ ಬರಲು ನಿನಗೆ ಇಷ್ಟ ಇದೆಯಾ ಎಂದು ಹೆಂಡತಿಯನ್ನು ಮೊದಲ ಸಲ ಕೇಳಿದ.

ರೇವತಿ ಹಿಂದಿನ ಸೀಟಿನತ್ತ ತಿರುಗಿದಳು.

"ರಾಜನ್ನ ಕೇಳಿ ಹೇಳ್ತೀನಿ."